ಹೋಟೆಲ್ ಊಟ: ನಾಲಿಗೆಗೆ ತಿಳಿಯದ ಕಲಬೆರಕೆ, ಗ್ರಾಹಕರ ಕೈಯಲ್ಲಿರುವ ಕಾನೂನು

ಹೋಟೆಲ್‌ನಲ್ಲಿ ಬಡಿಸಿದ ತಿನಿಸು ರುಚಿಯಾಗಿದೆಯೇ ಇಲ್ಲವೇ ಎಂಬುದು ಮೊದಲ ತುತ್ತಿನಲ್ಲೇ ತಿಳಿಯುತ್ತದೆ. ಆದರೆ ಅದು ಸುರಕ್ಷಿತವೇ, ಹೇಳಿದ ಪದಾರ್ಥದಿಂದಲೇ ತಯಾರಾಗಿದೆಯೇ, ಕೇಳಿದ ಹಣ ನ್ಯಾಯವಾದದ್ದೇ ಎಂಬುದನ್ನು ನಾಲಿಗೆ ಹೇಳಲಾರದು. ರೋಗಾಣುಗಳಿಗೆ ರುಚಿಯಿಲ್ಲ. ಬಟ್ಟೆಗೆ ಹಾಕುವ ಬಣ್ಣಕ್ಕೆ ಮಸಾಲೆಯ ಘಮದ ಮುಂದೆ ಪತ್ತೆಯಿಲ್ಲ. ಹಲವು ಬಾರಿ ಕಾಯಿಸಿದ ಎಣ್ಣೆಯಲ್ಲಿ ಕರಿದ ಬೋಂಡವೂ ಬಿಸಿಯಾಗಿದ್ದಾಗ ರುಚಿಯಾಗಿಯೇ ಇರುತ್ತದೆ. ಹೀಗಾಗಿ ಹೋಟೆಲ್ ಊಟದ ವಿಚಾರದಲ್ಲಿ ರುಚಿಯನ್ನು ಸಾಕ್ಷಿಯೆಂದು ಪರಿಗಣಿಸುವಂತಿಲ್ಲ. ಗೋಡೆಯ ಮೇಲಿನ ಪರವಾನಗಿ, ಕೈಗೆ ಬರುವ ಬಿಲ್, ಅಡುಗೆ ತಯಾರಾದ ಹೊತ್ತು, ಪ್ರಯೋಗಾಲಯದ ವರದಿ ಇವು ಸಾಕ್ಷಿಗಳು. ಇವುಗಳನ್ನು ಕೇಳಿ ಪಡೆಯುವ ಅಧಿಕಾರವನ್ನು ಕಾನೂನು ಗ್ರಾಹಕರಿಗೆ ಕೊಟ್ಟಿದೆ. ಬಹುತೇಕರು ಅದನ್ನು ಬಳಸುವುದಿಲ್ಲ ಎಂಬುದು ಬೇರೆ ಮಾತು.

ಕನ್ನಡ ನಾಡಿನಲ್ಲಿ ಹೋಟೆಲ್ ಉದ್ಯಮ ಬೆಳೆದದ್ದೇ ನಂಬಿಕೆಯ ಮೇಲೆ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಾವಳ್ಳಿ ಟಿಫನ್ ರೂಮ್ಸ್ ತನ್ನ ಅಡುಗೆಮನೆಯನ್ನು ಗ್ರಾಹಕರ ಕಣ್ಣಿಗೆ ತೆರೆದಿಟ್ಟು ಹೆಸರು ಗಳಿಸಿತು. 1980ರ ದಶಕದಲ್ಲಿ ಬಂದ ದರ್ಶಿನಿಗಳಲ್ಲಿ ದೋಸೆಯ ಕಾವಲಿ ಗ್ರಾಹಕರ ಎದುರೇ ಇರುತ್ತದೆ. ಹಿಟ್ಟು ಹೊಯ್ಯುವ ಕೈ, ಒರೆಸುವ ಬಟ್ಟೆ, ತಟ್ಟೆ ತೊಳೆಯುವ ತೊಟ್ಟಿ ಎಲ್ಲವೂ ಕಣ್ಣಳತೆಯಲ್ಲಿರುತ್ತವೆ. ಉತ್ತರ ಕರ್ನಾಟಕದ ಖಾನಾವಳಿಗಳಲ್ಲಿ ರೊಟ್ಟಿ ಬಡಿಯುವ ಸದ್ದು ಊಟದ ಪಡಸಾಲೆಗೆ ಕೇಳುತ್ತದೆ. ನಗರಗಳು ಬೆಳೆದಂತೆ ಅಡುಗೆಮನೆ ಮರೆಗೆ ಸರಿಯಿತು. ಈಗ ಮೊಬೈಲ್ ಮೂಲಕ ತರಿಸುವ ಊಟ ಎಷ್ಟೋ ವೇಳೆ ಕುಳಿತು ಉಣ್ಣಲು ಜಾಗವೇ ಇಲ್ಲದ ‘ಕ್ಲೌಡ್ ಕಿಚನ್’ಗಳಿಂದ ಬರುತ್ತದೆ. ಕಣ್ಣಿನಿಂದ ನೋಡಿ ನಂಬುತ್ತಿದ್ದ ಕಡೆ ಕಾಗದ ನೋಡಿ ನಂಬಬೇಕಾದ ಪರಿಸ್ಥಿತಿ ಬಂದಿದೆ.

ಹದಿನಾಲ್ಕು ಅಂಕಿಗಳು

ಆಹಾರ ಕಲಬೆರಕೆ ತಡೆಗೆ ದೇಶದಲ್ಲಿ ಮೊದಲು ಇದ್ದದ್ದು 1954ರ ಆಹಾರ ಕಲಬೆರಕೆ ತಡೆ ಕಾಯ್ದೆ. ಅದರ ಬದಲಿಗೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006 ಬಂದಿತು. ಅದರ ನಿಯಮಗಳು 2011ರ ಆಗಸ್ಟ್ 5ರಿಂದ ಜಾರಿಯಲ್ಲಿವೆ. ಇದರಡಿ ರಸ್ತೆಬದಿಯ ಗಾಡಿಯಿಂದ ಹಿಡಿದು ತಾರಾ ಹೋಟೆಲ್‌ವರೆಗೆ ಆಹಾರ ಮಾರುವ ಪ್ರತಿಯೊಬ್ಬರೂ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ವ್ಯವಸ್ಥೆಯಲ್ಲಿ ನೋಂದಣಿಯನ್ನಾಗಲಿ ಪರವಾನಗಿಯನ್ನಾಗಲಿ ಪಡೆಯಬೇಕು. ಸಣ್ಣ ವಹಿವಾಟಿಗೆ ನೋಂದಣಿ ಸಾಕು, ದೊಡ್ಡದಕ್ಕೆ ಪರವಾನಗಿ ಬೇಕು.

ಈ ಪತ್ರದ ಮೇಲೆ 14 ಅಂಕಿಗಳ ಸಂಖ್ಯೆಯೊಂದಿರುತ್ತದೆ. ಮೊದಲ ಅಂಕಿ 1 ಆಗಿದ್ದರೆ ಪರವಾನಗಿ, 2 ಆಗಿದ್ದರೆ ನೋಂದಣಿ. ನಂತರದ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ. ಕರ್ನಾಟಕದ ಸಂಕೇತ 12. ಆದ್ದರಿಂದ ರಾಜ್ಯದ ಇಲಾಖೆ ನೀಡಿದ ಸಂಖ್ಯೆಗಳು ಸಾಮಾನ್ಯವಾಗಿ 112 ಅಥವಾ 212ರಿಂದ ಆರಂಭವಾಗುತ್ತವೆ. ಪತ್ರದ ಪ್ರತಿಯನ್ನು ಗ್ರಾಹಕರಿಗೆ ಕಾಣುವಂತೆ ತೂಗುಹಾಕುವುದು ಕಡ್ಡಾಯ. ಗಲ್ಲಾಪೆಟ್ಟಿಗೆಯ ಹಿಂದೆ ದೇವರ ಪಟ, ಅಗರಬತ್ತಿ, ‘ಸಾಲ ಕೇಳಬೇಡಿ’ ಎಂಬ ಫಲಕ ಇವುಗಳ ನಡುವೆ ಎಲ್ಲೋ ಅದು ಇರಬೇಕು. 2022ರ ಜನವರಿ 1ರಿಂದ ಬಿಲ್ಲಿನ ಮೇಲೂ ಈ ಸಂಖ್ಯೆಯನ್ನು ಮುದ್ರಿಸಬೇಕೆಂಬ ನಿಯಮವಿದೆ. ಸಂಖ್ಯೆಯನ್ನು ಪ್ರಾಧಿಕಾರದ ಅಂತರಜಾಲ ತಾಣದಲ್ಲಿ ಹಾಕಿ ನೋಡಿದರೆ ಅದು ಯಾರ ಹೆಸರಿನಲ್ಲಿದೆ, ಯಾವ ವಿಳಾಸಕ್ಕೆ ಸೇರಿದೆ, ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಊಟ ಸರಬರಾಜು ಮಾಡುವ ಆ್ಯಪ್‌ಗಳಲ್ಲಿ ಹೋಟೆಲ್ ಪುಟದ ತುದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಕಾಣುವುದೂ ಇದೇ ಸಂಖ್ಯೆ.

ಪರವಾನಗಿ ಇದೆ ಎಂದ ಮಾತ್ರಕ್ಕೆ ಅಡುಗೆಮನೆ ಸ್ವಚ್ಛವಾಗಿದೆ ಎಂದಲ್ಲ. ತಪ್ಪಾದಾಗ ಹೊಣೆ ಹೊರುವ ವ್ಯಕ್ತಿ ಯಾರು, ವಿಳಾಸ ಯಾವುದು ಎಂಬುದು ಅದರಿಂದ ತಿಳಿಯುತ್ತದೆ, ಅಷ್ಟೆ. ಆದರೂ ಅದು ಸಣ್ಣ ಸಂಗತಿಯಲ್ಲ. ದೂರು ಕೊಡಲು ಹೋದವರಿಗೆ ಎದುರಾಗುವ ಮೊದಲ ಪ್ರಶ್ನೆಯೇ ‘ಯಾರ ಮೇಲೆ?’ ಎಂಬುದು.

ಪರವಾನಗಿಯೊಂದಿಗೆ ಷರತ್ತುಗಳೂ ಬರುತ್ತವೆ. ಅಡುಗೆಯವರು ಮತ್ತು ಬಡಿಸುವವರು ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸಿಕೊಳ್ಳಬೇಕು. ಟೈಫಾಯ್ಡ್‌ನಂತಹ ಕರುಳುಬೇನೆಗಳ ವಿರುದ್ಧ ಲಸಿಕೆ ಹಾಕಿಸಿಕೊಳ್ಳಬೇಕು. ಇದು ಬರಿಯ ಕಾಗದದ ಕಟ್ಟಳೆಯಲ್ಲ. ಟೈಫಾಯ್ಡ್ ರೋಗಾಣುಗಳನ್ನು ಹೊತ್ತವರು ಸ್ವತಃ ಆರೋಗ್ಯವಾಗಿ ಓಡಾಡಿಕೊಂಡಿದ್ದು, ತಾವು ಮುಟ್ಟಿದ ಆಹಾರದ ಮೂಲಕ ಇತರರಿಗೆ ರೋಗ ಹರಡಬಲ್ಲರು. ಕಳೆದ ಶತಮಾನದ ಆರಂಭದಲ್ಲಿ ನ್ಯೂಯಾರ್ಕ್‌ನ ಅಡುಗೆಯಾಕೆ ಮೇರಿ ಮಲಾನ್ ಪ್ರಕರಣದಿಂದ ಈ ಸಂಗತಿ ಜಗತ್ತಿಗೆ ತಿಳಿಯಿತು.

ಕೆಂಪು ಗೋಬಿಯ ಪಾಠ

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಅದಕ್ಕೂ ಮುನ್ನ ರಾಜ್ಯದ ವಿವಿಧೆಡೆ ಸಂಗ್ರಹಿಸಿದ್ದ 171 ಗೋಬಿ ಮಂಚೂರಿ ಮಾದರಿಗಳ ಪೈಕಿ 107ರಲ್ಲಿ ಅಸುರಕ್ಷಿತ ಬಣ್ಣಗಳು ಕಂಡುಬಂದಿದ್ದವು. ಅದೇ ವರ್ಷದ ಜೂನ್‌ನಲ್ಲಿ ಕಬಾಬ್‌ಗೂ ಈ ನಿಷೇಧ ವಿಸ್ತರಿಸಿತು. ಪಾನಿಪುರಿಯ ಸುಮಾರು 260 ಮಾದರಿಗಳ ಪರೀಕ್ಷೆಯಲ್ಲಿ 41 ಅಸುರಕ್ಷಿತವೆಂದು ವರದಿಯಾಯಿತು.

ಆಗ ಹೆಚ್ಚು ಕೇಳಿಬಂದ ಹೆಸರು ರೊಡಮಿನ್-ಬಿ. ಇದು ಬಟ್ಟೆ, ಕಾಗದ ಮೊದಲಾದವುಗಳಿಗೆ ಬಳಸುವ ಕೈಗಾರಿಕಾ ಬಣ್ಣ. ಭಾರತದಲ್ಲಿ ಯಾವುದೇ ಆಹಾರಕ್ಕೂ ಇದನ್ನು ಸೇರಿಸುವಂತಿಲ್ಲ. ಆದರೆ ಪ್ರಯೋಗಾಲಯದ ವರದಿಗಳಲ್ಲಿದ್ದ ಸನ್‌ಸೆಟ್ ಯೆಲ್ಲೋ, ಟಾರ್ಟ್ರಜಿನ್, ಕಾರ್ಮೊಯ್ಸಿನ್ ಎಂಬ ಹೆಸರುಗಳ ಕತೆ ಬೇರೆ. ಇವು ಐಸ್‌ಕ್ರೀಮ್, ಬಿಸ್ಕತ್ತು, ಸಿಹಿ ತಿನಿಸುಗಳಂತಹ ಕೆಲವು ಪದಾರ್ಥಗಳಲ್ಲಿ ನಿಗದಿತ ಪ್ರಮಾಣದಲ್ಲಿ ಅನುಮತಿ ಇರುವ ಬಣ್ಣಗಳೇ. ಹೋಟೆಲ್‌ನವರು ‘ಅಂಗಡಿಯಲ್ಲಿ ಸಿಗುವ ತಿನ್ನುವ ಬಣ್ಣವೇ ಸ್ವಾಮಿ’ ಎಂದು ವಾದಿಸುವುದು ಇದೇ ಕಾರಣಕ್ಕೆ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಡಬ್ಬಿಯ ಮೇಲೆ ತಿನ್ನಲು ಯೋಗ್ಯವೆಂದು ಬರೆದಿರಬಹುದು. ಆದರೆ ಅನುಮತಿ ಇರುವುದು ಬಣ್ಣಕ್ಕೆ ಮಾತ್ರವಲ್ಲ, ಅದು ಯಾವ ತಿನಿಸಿಗೆ, ಎಷ್ಟು ಎಂಬುದಕ್ಕೂ. ಗೋಬಿಗೂ ಕಬಾಬಿಗೂ ಅದು ಸಲ್ಲದು. ಅಲ್ಲದೆ ಚಿಟಿಕೆಯ ಲೆಕ್ಕದಲ್ಲಿ ಹಾಕುವ ಕೈಗೆ ಮಿಲಿಗ್ರಾಮಿನ ಮಿತಿ ತಿಳಿಯುವುದಾದರೂ ಹೇಗೆ?

ಇಲ್ಲಿ ಗ್ರಾಹಕರ ಪಾಲೂ ಇದೆ ಎಂಬುದನ್ನು ಮರೆಯುವಂತಿಲ್ಲ. ಹೂಕೋಸು ಬಿಳಿ, ಮೈದಾ ಬಿಳಿ, ಜೋಳದ ಹಿಟ್ಟು ಬಿಳಿ; ಸೋಯಾ ಸಾಸ್ ಕಂದು. ಇವನ್ನು ಸೇರಿಸಿ ಕರಿದಾಗ ಕುಂಕುಮದಂತಹ ಕೆಂಪು ಬರುವ ಸಾಧ್ಯತೆಯೇ ಇಲ್ಲ. ಆದರೂ ಕೆಂಪಿಲ್ಲದ ಗೋಬಿಯನ್ನು ‘ಮಸಾಲೆ ಸಾಲದು’ ಎಂದು ಹಿಂದಕ್ಕೆ ತಳ್ಳುವ ಗಿರಾಕಿಗಳಿದ್ದಾರೆ. ಬ್ಯಾಡಗಿ ಮೆಣಸಿನಕಾಯಿಯ ಖ್ಯಾತಿಯೇ ಖಾರಕ್ಕಿಂತ ಬಣ್ಣಕ್ಕೆ. ಆದರೆ ಅದರ ಬಣ್ಣ ಇಟ್ಟಿಗೆಯ ಕಡೆಗೆ ವಾಲುತ್ತದೆ, ಕರಿದಾಗ ಮತ್ತಷ್ಟು ಗಾಢವಾಗುತ್ತದೆ. ಜೊತೆಗೆ ಅದಕ್ಕೆ ಪುಡಿ ಬಣ್ಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಖರ್ಚು ತಗಲುತ್ತದೆ.

ಮನೆಮಟ್ಟದಲ್ಲಿ ಗಮನಿಸಬಹುದಾದ ಒಂದು ಲಕ್ಷಣವಿದೆ. ಮೆಣಸಿನಕಾಯಿಯ ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದು, ನೀರಿನಲ್ಲಿ ಕರಗದು. ಮೇಲೆ ಹೇಳಿದ ಕೃತಕ ಬಣ್ಣಗಳು ನೀರಿನಲ್ಲಿ ಕರಗುತ್ತವೆ. ಕಬಾಬಿನ ಚೂರನ್ನು ಲೋಟದ ನೀರಿಗೆ ಹಾಕಿದಾಗ ನೀರೇ ಕೆಂಪಾಗಿ ಪಾರದರ್ಶಕವಾಗಿ ಉಳಿದರೆ ಸಂಶಯಕ್ಕೆ ಎಡೆಯಿದೆ. ಕೆಂಪು ಜಿಡ್ಡು ಮೇಲೆ ತೇಲಿದರೆ ಅದು ಮೆಣಸಿನಕಾಯಿಯ ಗುಣ. ಇದು ಅಂತಿಮ ಪರೀಕ್ಷೆಯಲ್ಲ, ಬರಿಯ ಸುಳಿವು. ಬಣ್ಣ ಯಾವುದೆಂದು ನಿರ್ಧರಿಸುವುದು ಪ್ರಯೋಗಾಲಯದ ಕೆಲಸ.

ಹೊತ್ತು ಮತ್ತು ಬಿಸಿ

ಬಣ್ಣ ಸುದ್ದಿಯಾಗುತ್ತದೆ; ಆದರೆ ಹೋಟೆಲ್ ಊಟದಿಂದ ಥಟ್ಟನೆ ಹಾಸಿಗೆ ಹಿಡಿಸುವುದು ಬಹುತೇಕ ರೋಗಾಣುಗಳು. ಅವುಗಳಿಗೆ ಬೇಕಾದದ್ದು ತೇವ, ಹದವಾದ ಉಷ್ಣ ಮತ್ತು ಸಮಯ. 5 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿವರೆಗಿನ ಉಷ್ಣಾಂಶವನ್ನು ಆಹಾರ ತಜ್ಞರು ಅಪಾಯದ ವಲಯವೆಂದು ಕರೆಯುತ್ತಾರೆ. ಬಿಸಿ ಅಡುಗೆಯನ್ನು 60 ಡಿಗ್ರಿಗಿಂತ ಮೇಲೆ, ತಣ್ಣನೆಯದನ್ನು 5 ಡಿಗ್ರಿಗಿಂತ ಕೆಳಗೆ ಇಡಬೇಕು. ಕೋಣೆಯ ಉಷ್ಣಾಂಶದಲ್ಲಿ ಗಂಟೆಗಟ್ಟಲೆ ಬಿಟ್ಟ ಪದಾರ್ಥ, ಎಷ್ಟೇ ಒಳ್ಳೆಯ ಕೈಯಲ್ಲಿ ತಯಾರಾಗಿದ್ದರೂ ಕೆಡುತ್ತದೆ.

ಅನ್ನದ ಉದಾಹರಣೆಯನ್ನೇ ನೋಡಬಹುದು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಣಗಳು ಸಹಜವಾಗಿಯೇ ಇರುತ್ತವೆ. ಕುದಿಸಿದರೂ ಇವು ಸಾಯುವುದಿಲ್ಲ. ಬೆಂದ ಅನ್ನವನ್ನು ದೊಡ್ಡ ಪಾತ್ರೆಯಲ್ಲಿ ಹಾಗೆಯೇ ಬಿಟ್ಟರೆ ಬೀಜಕಣಗಳು ಮೊಳೆತು, ಸೂಕ್ಷ್ಮಾಣುಗಳು ಬೆಳೆದು, ವಾಂತಿ ತರಿಸುವ ವಿಷವನ್ನು ಉತ್ಪಾದಿಸುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗದು. ಮಧ್ಯಾಹ್ನ ಉಳಿದ ಅನ್ನ ರಾತ್ರಿ ಫ್ರೈಡ್ ರೈಸ್ ಆಗುವಾಗ, ಬೆಳಗಿನದು ಚಿತ್ರಾನ್ನವಾಗುವಾಗ ಇರುವ ಅಪಾಯ ಇದೇ. ಉಳಿದದ್ದನ್ನು ಬೇಗನೆ ತಣಿಸಿ ಶೀತಲ ಪೆಟ್ಟಿಗೆಯಲ್ಲಿಟ್ಟಿದ್ದರೆ ಚಿಂತೆಯಿಲ್ಲ. ಇಡದಿದ್ದರೆ ಬಾಣಲೆಯ ಬೆಂಕಿ ಅದನ್ನು ಸರಿಪಡಿಸಲಾರದು.

ತೆಂಗಿನಕಾಯಿ ಚಟ್ನಿಯದು ಮತ್ತೊಂದು ಬಗೆ. ಅದನ್ನು ಬೇಯಿಸುವುದೇ ಇಲ್ಲ. ಸಿಪ್ಪೆ ತೆಗೆಯುವ ಕೈ, ರುಬ್ಬುವ ಯಂತ್ರ, ಬೆರೆಸುವ ನೀರು ಇವುಗಳಲ್ಲಿರುವುದೆಲ್ಲ ನೇರವಾಗಿ ತಟ್ಟೆಗೆ ಬರುತ್ತದೆ. ಮುಂಜಾನೆ ರುಬ್ಬಿದ್ದು ಹನ್ನೊಂದು ಗಂಟೆಯ ಹೊತ್ತಿಗೂ ಅದೇ ಬಕೆಟ್‌ನಲ್ಲಿದ್ದರೆ, ಅದರಲ್ಲೂ ಬೇಸಿಗೆಯಲ್ಲಿ, ಹುಳಿ ವಾಸನೆ ಬರುವ ಮೊದಲೇ ಅದು ಕೆಟ್ಟಿರಬಹುದು. ಗಿರಾಕಿ ಹೆಚ್ಚಿರುವ ಹೋಟೆಲ್‌ಗಳಲ್ಲಿ ಅಡುಗೆ ಬೇಗ ಖರ್ಚಾಗುವುದರಿಂದ ಈ ಅಪಾಯ ಕಡಿಮೆ. ಜನ ಸೇರುವ ಕಡೆ ಊಟ ಮಾಡಬೇಕೆಂಬ ಹಿರಿಯರ ರೂಢಿಗೆ ಇಷ್ಟರ ಮಟ್ಟಿನ ಆಧಾರವಿದೆ. ಕೊತ್ತಂಬರಿ, ಈರುಳ್ಳಿ, ಸೌತೆಕಾಯಿ, ಪಾನಿಪುರಿಯ ನೀರು ಇವೆಲ್ಲ ಬೆಂಕಿ ಕಾಣದ ಪದಾರ್ಥಗಳೇ.

ಕಾಯಿಲೆ ಬಿದ್ದವರು ಸಾಮಾನ್ಯವಾಗಿ ಕೊನೆಯ ಊಟವನ್ನು ದೂರುತ್ತಾರೆ. ಇದು ಸದಾ ಸರಿಯಲ್ಲ. ಮೊದಲೇ ಉತ್ಪತ್ತಿಯಾದ ವಿಷ ಹೊಟ್ಟೆಗೆ ಹೋದರೆ ಒಂದರಿಂದ ಆರು ಗಂಟೆಗಳೊಳಗೆ ವಾಂತಿ ಆರಂಭವಾಗುತ್ತದೆ. ಸಾಲ್ಮೊನೆಲ್ಲಾದಂತಹ ಸೋಂಕು ತೋರಲು ಆರು ಗಂಟೆಗಳಿಂದ ಮೂರು ದಿನಗಳೂ ಆಗಬಹುದು. ಟೈಫಾಯ್ಡ್‌ಗೆ ವಾರಗಳೇ ಬೇಕು. ಶನಿವಾರದ ಬಿರಿಯಾನಿಯ ಫಲ ಸೋಮವಾರ ತೋರಿ, ಸೋಮವಾರದ ಬಡಪಾಯಿ ಇಡ್ಲಿಯ ಮೇಲೆ ಆರೋಪ ಬರುವುದುಂಟು. ದೂರು ನೀಡುವವರು ಹಿಂದಿನ ಮೂರು ದಿನಗಳಲ್ಲಿ ಎಲ್ಲೆಲ್ಲಿ ಏನೇನು ತಿಂದದ್ದು, ಜೊತೆಯಲ್ಲಿ ತಿಂದವರ ಪೈಕಿ ಯಾರಿಗೆ ಏನಾಯಿತು ಎಂಬುದನ್ನು ಬರೆದಿಟ್ಟುಕೊಂಡರೆ ವೈದ್ಯರಿಗೂ ಅಧಿಕಾರಿಗಳಿಗೂ ಅನುಕೂಲ.

ಎಣ್ಣೆ, ಪ್ಲಾಸ್ಟಿಕ್, ಸುದ್ದಿಪತ್ರಿಕೆ

ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ‘ಪೋಲಾರ್’ ಸಂಯುಕ್ತಗಳು ಹೆಚ್ಚುತ್ತವೆ. ಇವು ಹೃದ್ರೋಗ, ರಕ್ತದೊತ್ತಡ, ಯಕೃತ್ತಿನ ತೊಂದರೆಗಳಿಗೆ ದಾರಿಯಾಗುತ್ತವೆ ಎಂಬ ಕಾರಣಕ್ಕೆ 2018ರ ಜುಲೈ 1ರಿಂದ ಶೇ 25ರ ಮಿತಿಯನ್ನು ವಿಧಿಸಲಾಗಿದೆ. ಮಿತಿ ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ. ದಿನಕ್ಕೆ 50 ಲೀಟರ್‌ಗಿಂತ ಹೆಚ್ಚು ಎಣ್ಣೆ ಬಳಸುವ ಉದ್ದಿಮೆಗಳು ಅದರ ಲೆಕ್ಕವಿಡಬೇಕು. ಬಳಸಿದ ಎಣ್ಣೆಯನ್ನು ಜೈವಿಕ ಡೀಸೆಲ್ ತಯಾರಕರಿಗೆ ಒಪ್ಪಿಸುವ ವ್ಯವಸ್ಥೆಯೂ ಇದೆ. ಕಪ್ಪಾದ, ನೊರೆಯೇಳುವ, ಕಡಿಮೆ ಬಿಸಿಗೇ ಹೊಗೆಯಾಡುವ ಎಣ್ಣೆ ಬಾಣಲೆಯಲ್ಲಿ ಕಂಡರೆ ಆ ಬೋಂಡವನ್ನು ಬಿಡುವುದು ಲೇಸು. ದೊಡ್ಡ ಹೋಟೆಲ್ ಬಿಸಾಡಿದ ಎಣ್ಣೆ ಅಗ್ಗದ ಬೆಲೆಗೆ ಸಣ್ಣ ಗಾಡಿಗೆ ತಲುಪುವುದನ್ನು ತಡೆಯುವುದೇ ಈ ನಿಯಮದ ಮುಖ್ಯ ಉದ್ದೇಶ.

2025ರ ಫೆಬ್ರುವರಿಯಲ್ಲಿ ರಾಜ್ಯದ ಜನರನ್ನು ಬೆಚ್ಚಿಬೀಳಿಸಿದ್ದು ಇಡ್ಲಿ. ರೋಗಿಗಳಿಗೂ ಕೊಡಬಹುದಾದ ತಿನಿಸೆಂದು ಹೆಸರಾದ ಇಡ್ಲಿಯನ್ನು ಬೇಯಿಸುವಾಗ ತಟ್ಟೆಗೆ ಹತ್ತಿ ಬಟ್ಟೆಯ ಬದಲು ತೆಳು ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದುದು ಆಹಾರ ಸುರಕ್ಷತಾ ಇಲಾಖೆಯ ತಪಾಸಣೆಯಲ್ಲಿ ಐವತ್ತಕ್ಕೂ ಹೆಚ್ಚು ಕಡೆ ಪತ್ತೆಯಾಯಿತು. ಬಟ್ಟೆಯನ್ನು ಪ್ರತಿಬಾರಿ ಒಗೆಯಬೇಕು, ಪ್ಲಾಸ್ಟಿಕ್ ಆದರೆ ಎಸೆದರಾಯಿತು. ಕಾರಣ ಇಷ್ಟೇ. ಹಬೆಯ ಬಿಸಿಗೆ ಪ್ಲಾಸ್ಟಿಕ್‌ನಿಂದ ರಾಸಾಯನಿಕಗಳು ಆಹಾರಕ್ಕೆ ಇಳಿಯಬಹುದೆಂದು ಎಚ್ಚರಿಸಿ ಸರ್ಕಾರ ಅದನ್ನು ನಿಷೇಧಿಸಿತು. ಕುದಿಯುವ ಸಾಂಬಾರನ್ನು ತೆಳು ಕವರಿಗೆ ಸುರಿದು ಗಂಟು ಹಾಕಿಕೊಡುವ ಪಾರ್ಸೆಲ್‌ಗೂ ಇದೇ ಮಾತು ಅನ್ವಯಿಸುತ್ತದೆ. ಮನೆಯಿಂದ ಸ್ಟೀಲ್ ಡಬ್ಬಿ ಒಯ್ಯುವ ಹಳೆಯ ಪದ್ಧತಿ ಇಲ್ಲಿ ನೆನಪಾಗುತ್ತದೆ.

ಬಜ್ಜಿ, ವಡೆಗಳನ್ನು ಸುದ್ದಿಪತ್ರಿಕೆಯ ಹಾಳೆಯಲ್ಲಿ ಕಟ್ಟುವುದನ್ನು ಪ್ಯಾಕೇಜಿಂಗ್ ನಿಯಮಗಳು ನಿಷೇಧಿಸಿವೆ. ಮುದ್ರಣದ ಶಾಯಿ ಬಿಸಿ ಎಣ್ಣೆಗೆ ಅಂಟಿ ಹೊಟ್ಟೆ ಸೇರುತ್ತದೆ. ಪತ್ರಿಕೆ ಇರುವುದು ಓದಲಿಕ್ಕೆ.

ಹೆಸರೊಂದು, ಪದಾರ್ಥವೊಂದು

ಎಲ್ಲ ಅಪ್ರಾಮಾಣಿಕತೆಯೂ ಕಾಯಿಲೆ ತರುವುದಿಲ್ಲ. ತುಪ್ಪದ ದೋಸೆಗೆ ವನಸ್ಪತಿ, ಪನೀರ್ ಮಸಾಲೆಗೆ ಸಸ್ಯಜನ್ಯ ಎಣ್ಣೆಯಿಂದ ತಯಾರಾದ ಪನೀರ್‌ನಂತಹ ಗಟ್ಟಿ, ಮಟನ್‌ಗೆ ಅಗ್ಗದ ಬೇರೆ ಮಾಂಸ. ಇವುಗಳಿಂದ ಅಂದೇ ಆಸ್ಪತ್ರೆ ಸೇರಬೇಕಾಗದಿರಬಹುದು. ಆದರೂ ಕಾಯ್ದೆಯ 50ನೇ ಕಲಮಿನ ಪ್ರಕಾರ ಗ್ರಾಹಕ ಕೇಳಿದ ಸ್ವರೂಪದ, ಸತ್ವದ ಅಥವಾ ಗುಣಮಟ್ಟದ ಪದಾರ್ಥವನ್ನು ಕೊಡದಿರುವುದೇ ತಪ್ಪು. ಹಾಲಿನಿಂದ ಮಾಡದ ವಸ್ತುವನ್ನು ಪನೀರ್ ಎಂಬ ಹೆಸರಿನಲ್ಲಿ ಮಾರುವಂತಿಲ್ಲ. ಸಗಟು ಪೊಟ್ಟಣದ ಮೇಲೆ ಅದು ಪನೀರ್ ಅಲ್ಲವೆಂದು ಅಚ್ಚಾಗಿದ್ದರೂ ಹೋಟೆಲ್‌ನ ಮೆನು ಸೇರುವ ಹೊತ್ತಿಗೆ ಆ ಮಾಹಿತಿ ಬಿದ್ದುಹೋಗಿರುತ್ತದೆ. ಪನೀರ್ ಮೇಲೆ ಅಯೋಡಿನ್ ಹಾಕಿ ನೀಲಿಯಾದರೆ ಕಲಬೆರಕೆ ಎಂಬ ಸಲಹೆ ಮೊಬೈಲ್‌ಗಳಲ್ಲಿ ಓಡಾಡುತ್ತಿದೆ. ನೀಲಿ ತೋರಿಸುವುದು ಪಿಷ್ಟವನ್ನು ಮಾತ್ರ. ಪಿಷ್ಟವಿಲ್ಲದೆ ಎಣ್ಣೆಯಿಂದ ಮಾಡಿದ್ದು ಆ ಪರೀಕ್ಷೆಯಲ್ಲಿ ನಿರಾಯಾಸವಾಗಿ ಪಾಸಾಗುತ್ತದೆ. ಮೈದಾ ಅಥವಾ ಜೋಳದ ಹಿಟ್ಟು ಸವರಿ ಕರಿದ ಅಸಲಿ ಪನೀರ್ ಫೇಲಾಗುತ್ತದೆ!

ಸಂಶಯ ಸಾಕ್ಷ್ಯವಲ್ಲ ಎಂಬುದಕ್ಕೆ 2024ರ ಜುಲೈ ತಿಂಗಳ ಘಟನೆಯೊಂದು ನಿದರ್ಶನ. ರಾಜಸ್ಥಾನದಿಂದ ರೈಲಿನಲ್ಲಿ ಬೆಂಗಳೂರಿಗೆ ಬಂದ ಮಾಂಸದ ಪೆಟ್ಟಿಗೆಗಳಲ್ಲಿ ನಾಯಿ ಮಾಂಸವಿದೆ ಎಂಬ ಆರೋಪ ನಿಲ್ದಾಣದಲ್ಲೇ ಗದ್ದಲಕ್ಕೆ ಕಾರಣವಾಯಿತು. ಮಾದರಿಗಳನ್ನು ಹೈದರಾಬಾದಿನ ರಾಷ್ಟ್ರೀಯ ಮಾಂಸ ಸಂಶೋಧನಾ ಸಂಸ್ಥೆಗೆ ಕಳುಹಿಸಲಾಯಿತು. ಅದು ಕುರಿಯ ಮಾಂಸವೆಂದು ವರದಿ ಬಂದಿತು. ಆದರೆ ಅಷ್ಟರಲ್ಲಿ ವದಂತಿ ರಾಜ್ಯವೆಲ್ಲ ಸುತ್ತಿಯಾಗಿತ್ತು.

ಬಿಲ್ಲಿನ ಪ್ರಾಮಾಣಿಕತೆ

ಬಿಲ್ಲಿನಲ್ಲಿ ನೋಡಬೇಕಾದ ಮೊದಲ ಸಾಲು ತೆರಿಗೆಯದು. 2017ರ ನವೆಂಬರ್ 15ರಿಂದ ಸಾಮಾನ್ಯ ಹೋಟೆಲ್‌ಗಳಲ್ಲಿ, ಹವಾನಿಯಂತ್ರಣ ಇರಲಿ ಬಿಡಲಿ, ಜಿಎಸ್‌ಟಿ ದರ ಶೇ 5. ಕೊಠಡಿ ಬಾಡಿಗೆ ದುಬಾರಿಯಾಗಿರುವ ತಾರಾ ಹೋಟೆಲ್‌ಗಳ ಒಳಗಿನ ರೆಸ್ಟೋರೆಂಟ್‌ಗಳಿಗೆ ಶೇ 18. ತೆರಿಗೆ ವಸೂಲಿ ಮಾಡುವವರ ಬಿಲ್ಲಿನಲ್ಲಿ 15 ಅಕ್ಷರ-ಅಂಕಿಗಳ ನೋಂದಣಿ ಸಂಖ್ಯೆ ಇರಬೇಕು. ಕರ್ನಾಟಕದ್ದು 29ರಿಂದ ಆರಂಭವಾಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಸಣ್ಣ ಹೋಟೆಲ್‌ಗಳು ‘ಕಾಂಪೊಸಿಷನ್’ ಅಂದರೆ ರಾಜಿ ತೆರಿಗೆ ಪದ್ಧತಿಯನ್ನು ಆರಿಸಿಕೊಳ್ಳಬಹುದು. ಅಂಥವರು ತಮ್ಮ ವಹಿವಾಟಿನ ಮೇಲೆ ತಾವೇ ತೆರಿಗೆ ಕಟ್ಟಬೇಕೇ ಹೊರತು ಗ್ರಾಹಕರಿಂದ ಪ್ರತ್ಯೇಕವಾಗಿ ಪಡೆಯುವಂತಿಲ್ಲ. ತಮಗೆ ತೆರಿಗೆ ಸಂಗ್ರಹಿಸುವ ಅಧಿಕಾರವಿಲ್ಲವೆಂದು ಬಿಲ್ಲಿನ ನೆತ್ತಿಯಲ್ಲೇ ಅವರು ಮುದ್ರಿಸಬೇಕು. ನೆತ್ತಿಯಲ್ಲಿ ಆ ಮಾತು, ಬುಡದಲ್ಲಿ ಶೇ 5 ಜಿಎಸ್‌ಟಿ ಎರಡೂ ಇದ್ದರೆ ಆ ಹಣ ಸರ್ಕಾರಕ್ಕೆ ಹೋಗುವುದಿಲ್ಲ.

ಸೇವಾ ಶುಲ್ಕ ತೆರಿಗೆಯಲ್ಲ. ಅದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಸಂಘಗಳು ಇದನ್ನು ಪ್ರಶ್ನಿಸಿದವು. ದೆಹಲಿ ಹೈಕೋರ್ಟ್‌ನ ಏಕಸದಸ್ಯ ಪೀಠ 2025ರ ಮಾರ್ಚ್ 28ರಂದು ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಮಾಣಿಗೆ ಇನಾಮು ಕೊಡುವುದು ಗ್ರಾಹಕರ ಖುಷಿ. ಅದನ್ನು ಬೇರೆ ಹೆಸರಿನಲ್ಲಿ ಕಸಿದುಕೊಳ್ಳುವಂತಿಲ್ಲ. ತೆಗೆದುಹಾಕಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಆದರೆ ಗ್ರಾಹಕರ ಎಲ್ಲ ಆಕ್ಷೇಪಗಳೂ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಹೋಟೆಲ್‌ನಲ್ಲಿ ಕುಳಿತಾಗ ಬಾಟಲಿ ನೀರಿಗೆ ಗರಿಷ್ಠ ಮಾರಾಟ ಬೆಲೆಗಿಂತ ಹೆಚ್ಚು ಪಡೆದರೆ ಅದು ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿದೆ. ಅಲ್ಲಿ ಮಾರಾಟವಾಗುವುದು ಬರಿಯ ಬಾಟಲಿಯಲ್ಲ, ಜಾಗ ಮತ್ತು ಸೇವೆಯೂ ಹೌದು ಎಂಬುದು ನ್ಯಾಯಾಲಯದ ನಿಲುವು. ಬೆಲೆಯನ್ನು ಮೊದಲೇ ಮೆನುವಿನಲ್ಲಿ ಓದಿಕೊಳ್ಳುವುದೊಂದೇ ಇಲ್ಲಿ ಉಳಿದ ದಾರಿ.

ದೂರಿನ ಹಾದಿ

ಊಟದಲ್ಲಿ ದೋಷ ಕಂಡಾಗ ಹೆಚ್ಚಿನವರು ಮಾಡುವುದು ಎರಡೇ ಕೆಲಸ: ಗಲಾಟೆ ಅಥವಾ ಮೌನ. ಕೆಲವರು ಚಿತ್ರ ತೆಗೆದು ಮೊಬೈಲ್‌ನಲ್ಲಿ ಹರಿಬಿಡುತ್ತಾರೆ. ಇವುಗಳಿಂದ ಹೋಟೆಲ್‌ಗೆ ಒಂದು ದಿನ ಮುಜುಗರವಾಗಬಹುದು, ಅಡುಗೆಮನೆ ಬದಲಾಗುವುದಿಲ್ಲ. ಕಾನೂನಿನ ದಾರಿ ಬಿಲ್ಲಿನಿಂದ ಆರಂಭವಾಗುತ್ತದೆ. ಬಿಲ್ ಇಲ್ಲದ ದೂರಿನಲ್ಲಿ, ತಿಂದದ್ದು ಅಲ್ಲಿಯೇ ಎಂಬುದನ್ನು ರುಜುವಾತುಪಡಿಸುವುದೇ ದೊಡ್ಡ ಸಾಹಸವಾಗುತ್ತದೆ.

ಪ್ರತಿ ಜಿಲ್ಲೆಯಲ್ಲಿ ಆಹಾರ ಸುರಕ್ಷತಾ ಅಂಕಿತಾಧಿಕಾರಿ ಮತ್ತು ಅವರ ಕೆಳಗೆ ಆಹಾರ ಸುರಕ್ಷತಾ ಅಧಿಕಾರಿಗಳಿರುತ್ತಾರೆ. ಪ್ರಾಧಿಕಾರದ ಉಚಿತ ದೂರವಾಣಿ 1800112100ಕ್ಕೂ ದೂರು ಹೇಳಬಹುದು. ಅರ್ಧ ತಿಂದ ತಟ್ಟೆಯನ್ನು ಕಚೇರಿಗೆ ಹೊತ್ತೊಯ್ದರೆ ಅದು ಕಾನೂನುಬದ್ಧ ಮಾದರಿ ಎನಿಸುವುದಿಲ್ಲ. ಅಧಿಕಾರಿಯೇ ಹೋಟೆಲ್‌ಗೆ ತೆರಳಿ, ಮಾಲೀಕರಿಗೆ ತಿಳಿಸಿ, ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕಬೇಕು. ಒಂದು ಭಾಗ ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತಾಧಿಕಾರಿಗೆ. ಮಾಲೀಕರು ಬಯಸಿದರೆ ನಾಲ್ಕನೆಯದು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ. ವಿಶ್ಲೇಷಕರು 14 ದಿನಗಳಲ್ಲಿ ವರದಿ ಕೊಡಬೇಕು. ಬೆಂಗಳೂರು, ಮೈಸೂರು, ಬೆಳಗಾವಿ ಮತ್ತು ಕಲಬುರಗಿಯಲ್ಲಿ ಸರ್ಕಾರಿ ಪ್ರಯೋಗಾಲಯಗಳಿವೆ. ಮರುದಿನದ ಸಾಂಬಾರು ಬೇರೆಯೇ ಸಾಂಬಾರು. ಆದ್ದರಿಂದ ದೂರು ಅದೇ ದಿನ, ಸಾಧ್ಯವಾದರೆ ಅದೇ ಗಂಟೆಯಲ್ಲಿ ತಲುಪಬೇಕು.

ಹೆಚ್ಚು ಜನರಿಗೆ ತಿಳಿಯದ ಅವಕಾಶವೊಂದು ಕಾಯ್ದೆಯ 40ನೇ ಕಲಮಿನಲ್ಲಿದೆ. ಅಧಿಕಾರಿಯಲ್ಲದ ಸಾಮಾನ್ಯ ಗ್ರಾಹಕರೂ ತಾವು ಕೊಂಡ ಆಹಾರವನ್ನು ನಿಗದಿತ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಪರೀಕ್ಷೆಗೆ ಕಳುಹಿಸುವ ಉದ್ದೇಶವನ್ನು ಕೊಳ್ಳುವಾಗಲೇ ಮಾರಾಟಗಾರರಿಗೆ ತಿಳಿಸಬೇಕೆಂಬುದು ಷರತ್ತು. ಪದಾರ್ಥ ದೋಷಯುಕ್ತವೆಂದು ವರದಿ ಬಂದರೆ ಶುಲ್ಕ ಮರಳಿ ಸಿಗುತ್ತದೆ. ‘ಇದನ್ನು ಲ್ಯಾಬಿಗೆ ಕಳಿಸುತ್ತೇನೆ’ ಎಂದು ಕೌಂಟರ್‌ನಲ್ಲಿ ನಿಂತು ಹೇಳುವ ಗಟ್ಟಿತನ ಬೇಕು, ನಿಜ. ವಸತಿ ಸಂಕೀರ್ಣಗಳ ಸಂಘಗಳು, ಕಚೇರಿ ಕ್ಯಾಂಟೀನ್ ಸಮಿತಿಗಳು ಈ ಕಲಮನ್ನು ಸುಲಭವಾಗಿ ಬಳಸಬಹುದು.

ದಂಡದ ಪ್ರಕರಣಗಳನ್ನು ಜಿಲ್ಲೆಯ ಅಪರ ಜಿಲ್ಲಾಧಿಕಾರಿ ದರ್ಜೆಯ ನ್ಯಾಯನಿರ್ಣಯ ಅಧಿಕಾರಿ ವಿಚಾರಣೆ ನಡೆಸುತ್ತಾರೆ. ಅನೈರ್ಮಲ್ಯದ ಅಡುಗೆಗೆ 1 ಲಕ್ಷ ರೂಪಾಯಿವರೆಗೆ, ಕಳಪೆ ಗುಣಮಟ್ಟಕ್ಕೆ 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಆಹಾರ ಅಸುರಕ್ಷಿತವೆಂದು ವರದಿ ಬಂದರೆ ಪ್ರಕರಣ ನ್ಯಾಯಾಲಯಕ್ಕೆ ಹೋಗುತ್ತದೆ, ಜೈಲು ಶಿಕ್ಷೆಗೂ ಅವಕಾಶವಿದೆ. ಸಾವು ಸಂಭವಿಸಿದ್ದರೆ ಜೀವಾವಧಿಯವರೆಗೆ ಶಿಕ್ಷೆ ಆಗಬಹುದು. ಈ ದಂಡದ ಹಣ ಸರ್ಕಾರಕ್ಕೆ ಸೇರುತ್ತದೆ. ಕಾಯಿಲೆ ಬಿದ್ದವರಿಗೆ ಪರಿಹಾರ ಸಿಗಬೇಕಾದರೆ 65ನೇ ಕಲಮನ್ನು ಆಶ್ರಯಿಸಬೇಕು: ಸಾವಿಗೆ ಕನಿಷ್ಠ 5 ಲಕ್ಷ, ತೀವ್ರ ಹಾನಿಗೆ 3 ಲಕ್ಷದವರೆಗೆ, ಇತರ ಹಾನಿಗೆ 1 ಲಕ್ಷ ರೂಪಾಯಿವರೆಗೆ.

ಇದಲ್ಲದೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಊಟ ಮಾಡಿದ್ದು ಮಂಗಳೂರಿನಲ್ಲಾದರೂ ವಾಸ ದಾವಣಗೆರೆಯಲ್ಲಿದ್ದರೆ ದಾವಣಗೆರೆಯಲ್ಲೇ ದೂರು ಸಲ್ಲಿಸಲು ಹೊಸ ಕಾಯ್ದೆ ಅವಕಾಶ ಕೊಟ್ಟಿದೆ. ವಕೀಲರು ಕಡ್ಡಾಯವಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ, ಅಂದರೆ ಹೋಟೆಲ್ ಊಟದ ದೂರುಗಳಿಗೆ ಬಹುಮಟ್ಟಿಗೆ ಶುಲ್ಕವೇ ಇಲ್ಲ. ಘಟನೆ ನಡೆದ ಎರಡು ವರ್ಷಗಳೊಳಗೆ ದೂರು ದಾಖಲಾಗಬೇಕು. ಅದರೊಂದಿಗೆ ಹೋಟೆಲ್‌ನ ಬಿಲ್, ವೈದ್ಯರ ಚೀಟಿ, ಔಷಧದ ರಸೀದಿ, ಇದ್ದಲ್ಲಿ ಪ್ರಯೋಗಾಲಯದ ವರದಿ ಲಗತ್ತಿಸಬೇಕು. ಉಷ್ಣಕಾಗದದ ಮೇಲೆ ಅಚ್ಚಾಗುವ ಇಂದಿನ ಬಿಲ್ಲುಗಳು ಕೆಲವೇ ತಿಂಗಳುಗಳಲ್ಲಿ ಮಾಸಿ ಬಿಳಿಯಾಗುವುದರಿಂದ, ಕೈಗೆ ಬಂದ ದಿನವೇ ಅದರ ಛಾಯಾಪ್ರತಿ ತೆಗೆದಿಟ್ಟುಕೊಳ್ಳುವುದು ಅಗತ್ಯ.